ಯಾವ ಗನ್ ತಗೊಳ್ಳಲಿ, ಅಂಜಿನಿ?

ಹಲೋ… ಹಲೋ, ಯಾರು ಮಾತಾಡೋದು?…

ಮೌನಿಕಾ ಏನವ್ವಾ? ನಾನವ್ವಾ, ಓಬಳೇಶ ಮಾಮ. ಕೊಳಗಲ್ಲು ಓಬಳೇಶ, ನಿಮ್ಮಪ್ಪನ ಜೊತಿ ಕೆಲ್ಸ ಮಾಡಾಂವ… ಹಾಂ, ಅದ ಬಡಿಗಿ ಓಬಳೇಶ. ಮೂರು ತಿಂಗಳಿಗೆ ನನ್ ದನಿ ಮರ್ತುಬಿಟ್ಟೀಯೇನು…

ಹೌದು, ನಂಬರ್ ಬ್ಯಾರೆ ಐತಿ. ನನ್ ಫೋನಿಂದ ಮಾಡಿದ್ರ ನಿಮ್ಮನ್ಯಾಗ ಯಾರೂ ಎತ್ತಂಗಿಲ್ಲಲ್ಲ. ಬ್ರೂಸ್‌ಪೇಟ್ಯಾಗ ಚನ್ನಬಸವರಾಜಣ್ಣನ ಹತ್ಯಾರದ ಅಂಗಡಿಗೆ ಬಂದೀನಿ, ಅವ್ರ ಫೋನ್ ಇಸ್ಕಂಡು ಮಾಡಾಕತ್ತೀನಿ. ಇಡಬ್ಯಾಡ ತಾಯಿ, ಇಡಬ್ಯಾಡ…

ಅವ್ವ ಅದಾಳೇನು?… ಸಂತಿಗೆ ಹೋಗ್ಯಾಳ. ಹಾಂ, ಛಲೋ ಆತು. ಛಲೋ ಆತು ಅಂದ್ರ ಹಂಗಲ್ಲವ್ವಾ. ನಿಮ್ಮವ್ವ ಪಾರಮ್ಮ ನನ್ ಮ್ಯಾಲೆ ಸಿಟ್ಟು ಮಾಡಿದ್ದು ತಪ್ಪಂತ ನಾ ಅಂದಿಲ್ಲ, ಅನ್ನಂಗೂ ಇಲ್ಲ…

ಅಪ್ಪ ಏನ್ ಮಾಡಾಕತ್ತಾನ?… ಏನೂ ಮಾಡಾಕತ್ತಿಲ್ಲ. ಬಾಗಿಲ ಹತ್ರ ಕುಂತಾನ. ಸುಮ್ಮನ?… ಸುಮ್ಮನ ಕುಂತಾನ.

ಅವ್ನಿಗೆ ಫೋನ್ ಕೊಡು ತಾಯಿ. ನಾನು ಅಂತ ಹೇಳಬ್ಯಾಡ… ಬ್ಯಾಡ, ತಡಿ. ಹೇಳಿನ ಕೊಡು. ಓಬಳೇಶ ಮಾತಾಡ್ತಾನಂತ, ಬ್ಯಾಡಂದ್ರ ಇಡ್ತಾನಂತ, ಹಂಗ ಹೇಳು…

… ಎರಡ ನಿಮಿಷ ಚನ್ನಬಸವರಾಜಣ್ಣಾ. ಹೌದು, ಎರಡೂ ಇಲ್ಲೇ ಇರ್ಲಿ, ಒಳಗ ಇಡಬ್ಯಾಡ್ರಿ…

ಅಂಜಿನಿ?

… ಅಂಜಿನಿ, ನಾನಲೇ…

ಮಾತಾಡಬ್ಯಾಡ ಬಿಡು. ಕೇಳಿದ್ರ ಸಾಕು. ಕಿವಿಯಾಗ ಐತಲ್ಲ ಫೋನು? ನೀ ಉಸುರು ಬಿಡೋದು ಕೇಳ್ತೈತಿ ನಂಗ…

ಸಿರುಗುಪ್ಪದ ಕೆಲ್ಸ ಇನ್ನಾ ಅಲ್ಲೇ ನಿಂತೈತಿ. ಗಿರಣಿ ಸಾವ್ಕಾರ್ರ ಮ್ಯಾಲಿನ ಮನಿದು. ನಾವಿಬ್ರೂ ಗ್ವಾಡಿಗೆ ಕಟಿಗಿ ರೀಪು ಹೊಡ್ದು ಬಿಟ್ಟಿದ್ವಲ್ಲ, ಅದರ ಮ್ಯಾಲೆ ಸಿಮೆಂಟ್ ಹಲಗಿ ಕೂಡಿಸೋದು. ಹಿತ್ತಲ ಕಡಿದು ಒಬ್ನ ಮುಗಿಸೀನಿ. ರಸ್ತಾ ಕಡಿದು ಹಂಗ ಐತಿ. ಹತ್ತಡಿ ಹಲಗಿ ಎತ್ತಿ ಸೊಂಟಕ್ಕ ಆನಿಸ್ಕಂಡು ಈ ತುದಿಗೆ ಸುತ್ತಿಗಿ ಎತ್ತೋದ್ರಾಗ ಆ ತುದಿ ಜಾರ್ತೈತಿ. ಹೋದ ವಾರ ಎರಡು ಹಲಗಿ ಮುರ್ದು ಬಿದ್ವು. ಸಾವ್ಕಾರ್ರು ಕೆಳಗ ನಿಂತು ನೋಡಿದ್ರು, ಏನೂ ಅನ್ನಲಿಲ್ಲ. ಒಂದು ಬೈಗಳ ಬೈದಿದ್ರ ಛಲೋ ಇತ್ತು…

ಪರಶು ಬಂದಿದ್ದ, ರೂಪನಗುಡಿ ಪರಶು. ನಾಕು ದಿನ. ಹಿಡಿಯೋದು ಛಲೋ ಹಿಡೀತಾನ, ಇಲ್ಲ ಅನ್ನಂಗಿಲ್ಲ. ಆದ್ರ ಹಲಗಿ ಒಂದು ನೂಲು ಮ್ಯಾಲ ಹೋದ್ರೂ ಹೇಳಂಗಿಲ್ಲ. ನೀನಾಗಿದ್ರ ಮುಖ ಗಂಟು ಹಾಕ್ತಿದ್ದಿ, ನಾ ಮುಖ ನೋಡೇ ಇಳಿಸ್ತಿದ್ದೆ. ಐದನೇ ದಿನ ನಾನ ಬರಬ್ಯಾಡ ಅಂದೆ…

ಹಲೋ? ಅದೀಯಾ?…

ಹಾಂ. ಅದೀಯಲ್ಲ.

… ನಾ ಫೋನ್ ಮಾಡಿದ್ದು ಯಾಕಂದ್ರ, ಗನ್ ತಗೊಳ್ಳಾಕ ಬಂದೀನಿ. ಮೊಳಿ ಹೊಡಿಯೋ ಗನ್ನು. ಇಡಬ್ಯಾಡಲೇ, ನಿನ್ ಕಾಲು ಹಿಡ್ಕಂತೀನಿ, ಪೂರ್ತಿ ಕೇಳು. ಆ ಗನ್ನಲ್ಲ. ಅದನ್ನ ಮಾರಿದ್ದ ಆ ಕಟಿಗಿ ಪೆಟ್ಟಿಗಿ ಮಾಡೋ ಶೆಡ್ಡಿನವ್ರಿಗೆ ಮಾರನೇ ದಿನನ ವಾಪಸ್ ಕೊಟ್ಟು ಬಂದೆ…

ಅದು ಯಾಕ ಹಂಗ ಹೊಡೀತು ಅಂತ ಚನ್ನಬಸವರಾಜಣ್ಣ ಇವತ್ತು ಬಿಡಿಸಿ ಹೇಳಿದ್ರು. ಪೆಟ್ಟಿಗಿ ಮಾಡೋರು ಟ್ರಿಗರ್ ಒತ್ತಿ ಹಿಡ್ಕಂಡ ಇರ್ತಾರಂತ. ಗನ್ನಿನ ಮೂತಿ ಎಲ್ಲಿ ತಾಗ್ತೈತೋ ಅಲ್ಲೆಲ್ಲ ಮೊಳಿ. ಅವ್ರಿಗೆ ಬೇಗ ಬೇಗ ಆಗಬೇಕಲ್ಲ. ಗ್ವಾಡಿ ಕೆಲ್ಸಕ್ಕ ಅದು ಬ್ಯಾಡ ಅಂತ. ಮೊದ್ಲು ಮೂತಿ ಹಲಗಿಗೆ ಒತ್ತಬೇಕು, ಆಮ್ಯಾಲೆ ಟ್ರಿಗರ್ ಎಳೀಬೇಕು, ಆವಾಗ ಒಂದ ಮೊಳಿ ಬರ್ತೈತಿ. ಇನ್ನೊಂದು ಬೇಕಂದ್ರ ಬೆರಳು ಬಿಟ್ಟು ಮತ್ತ ಎಳೀಬೇಕು. ಈ ಮಾತು ಕೊಳ್ಳೋಕಿಂತ ಮುಂಚೆ ಯಾರನ್ನರ ಕೇಳಿದ್ರ ಹೇಳ್ತಿದ್ರು. ನಾ ಕೇಳಲಿಲ್ಲ. ನಂಗ ಎಲ್ಲಾ ಬರ್ತೈತಿ ಅನ್ಕಂಡಿದ್ದೆ…

ನೀ ಬ್ಯಾಡ ಅಂದಿದ್ದಿ. ಸುತ್ತಿಗಿನ ಸಾಕು ಅಂದಿದ್ದಿ.

… ಹತ್ತೊಂಬತ್ತು ವರ್ಷ ನಂದು ಸುತ್ತಿಗಿ, ನಿಂದು ಹಲಗಿ. ಹಿಂದ ರೀಪು ಎಲ್ಲೈತಿ ಅಂತ ನೀ ಬೆರಳಿಟ್ಟು ತೋರಿಸ್ತಿದ್ದಿ. ನಾ ಮೊದ್ಲು ಒಂದು ಸಣ್ಣ ಏಟು ಹಾಕ್ತಿದ್ದೆ, ಮೊಳಿ ಕಚ್ಚಲಿ ಅಂತ. ಆ ಏಟು ಹಲಗಿಗುಂಟ ನಿನ್ ಕೈಗೆ ಬರ್ತಿತ್ತು, ನೀ ಕೈ ತಗೀತಿದ್ದಿ, ನಾ ದೊಡ್ಡ ಏಟು ಹಾಕ್ತಿದ್ದೆ. ಇದನ್ನ ಯಾರೂ ನಮಗ ಕಲಿಸಿದ್ದಲ್ಲ, ಹಂಗ ನಡ್ಕಂತ ಬಂದಿತ್ತು… ಗನ್ನಿಗೆ ಸಣ್ಣ ಏಟಿಲ್ಲ ಅಂಜಿನಿ. ಅದು ನಂಗ ಹೊಳೀಲೇ ಇಲ್ಲ. ನೀನು ಸಣ್ಣ ಏಟಿಗೆ ಕಾಯಾಕತ್ತಿದ್ದಿ. ನಾನು ಮೂತಿ ಇಟ್ಟೆ, ಮೊಳಿ ನಿನ್ ಕೈಯಾಗ ಹೊಕ್ತು…

ಹೂಂ. ನಿಂಗ ಗೊತ್ತಿರೋದ ಹೇಳಾಕತ್ತೀನಿ. ಆದ್ರ ನನ್ ಬಾಯಿಂದ ಒಂದ್ಸಲನೂ ಬಂದಿಲ್ಲಲ್ಲ ಅದು…

ಆಸ್ಪತ್ರ್ಯಾಗ ಪಾರಮ್ಮ ಓಡಿ ಬಂದು ಏನಾತಣ್ಣಾ ಅಂತ ಕೇಳಿದ್ಲು. ಅಂಜಿನಿನ ಕೈ ಅಡ್ಡ ತಂದ ಅಂದುಬಿಟ್ಟೆ. ನೀ ಮಂಚದ ಮ್ಯಾಲೆ ಇದ್ದಿ, ಕಣ್ಣು ಬಿಟ್ಕಂಡ ಇದ್ದಿ, ಕೇಳಿಸ್ಕಂಡಿ. ನನ್ ಮುಖ ನೋಡಿ ಆ ಕಡಿ ಹೊಳ್ಳಿ ಮಲಗಿದಿ. ಆವತ್ತಿಂದ ನಂಗ ನಿಮ್ಮನಿ ಕಡಿ ಬರಾಕ ಮುಖ ಇಲ್ಲ. ತಪ್ಪು ನಂದ. ಪಾರಮ್ಮಗ ಹೇಳು, ಇಲ್ಲಂದ್ರ ನಾನ ಬಂದು ಅಕಿ ಮುಂದ ನಿಂತು ಹೇಳ್ತೀನಿ. ಮಗಳ ಮುಂದನೂ ಹೇಳ್ತೀನಿ…

ಅಂಜಿನಿ?…

ಅಣ್ಣಾ, ಇನ್ನೊಂದೀಟು. ಊಟಕ್ಕ ಬಾಗಿಲು ಹಾಕ್ತೀರೇನು? ಈಗ ಮುಗೀತು, ಈಗ…

ಹಾಂ, ಕೇಳಾಕತ್ತೀನಿ, ಹೇಳು ಹೇಳು. ಏನಂದಿ? ಮತ್ತೊಂದ್ಸಲ ಅನ್ನು…

ಮೊಳಿ ತಲಿ ಏನಾಗ್ತೈತಿ ಅಂತೀಯಾ? ಛಲೋ ಕೇಳಿದಿ ನೋಡು. ನಂಗ ಗೊತ್ತಿತ್ತು ನೀ ಇದನ್ನ ಕೇಳ್ತಿ ಅಂತ. ಆವತ್ತು ಆ ಗನ್ನು ಹೊಡದ್ರ ತಲಿ ಸಿಮೆಂಟಿನೊಳಗ ಹೊಕ್ಕಂಡು ಹಲಗಿ ಕುಳಿ ಬೀಳ್ತಿತ್ತಲ್ಲ, ಅದು ಗಾಳಿ ಜಾಸ್ತಿ ಆಗಿ. ಕಂಪ್ರೆಸರಿನಾಗ ಗಾಳಿ ಇಳಿಸ್ಕಂಡು, ಕೆಲ್ಸ ಶುರು ಮಾಡೋಕಿಂತ ಮುಂಚೆ ಒಂದು ತುಂಡು ಹಲಗಿ ಮ್ಯಾಲೆ ಹೊಡ್ದು ನೋಡಬೇಕಂತ. ತಲಿ ಹಲಗಿ ಸಮ ಕುಂತ್ರ ಸರಿ. ಒಳಗ ಹೋದ್ರ ಹಲಗಿ ಮುಂದ ಸೀಳ್ತೈತಿ, ಹೊರಗ ಉಳದ್ರ ಸುತ್ತಿಗಿಲೆ ಮೆಲ್ಲಕ ಕೂಡಿಸಬೇಕು…

ಹೂಂ, ತುಕ್ಕು ಹಿಡಿಯಲಾರದ ಮೊಳಿನ. ಸುತ್ತಲೂ ಉಂಗುರ ಗೆರಿ ಇರ್ತಾವ, ರೀಪನ್ನ ಗಟ್ಟಿ ಕಚ್ತಾವ… ಎಣ್ಣಿ? ದಿನಾ ಮುಂಜಾನಿ ಎರಡು ಹನಿ. ಮೊಳಿ ಸಿಕ್ಕಂಡ್ರ ಮೊದ್ಲು ಗಾಳಿ ಪೈಪು ಬಿಚ್ಚಿ ಆಮ್ಯಾಲೆ ಕೈ ಹಾಕೋದು. ಎಲ್ಲಾ ಕೇಳಿ ಬರ್ಕಂಡೀನಲೇ ಈ ಸಲ…

ಹತ್ತೊಂಬತ್ತು ವರ್ಷದಾಗ ನಾ ಇಷ್ಟು ಮಾತಾಡಿದ್ದು ಇದ ಮೊದ್ಲು ಅಂತೀಯಾ. ಹೌದು. ನಾವಿಬ್ರೂ ಮಾತಾಡ್ತನ ಇರ್ಲಿಲ್ಲ, ಅಲ್ಲೇನು? ಈಗ ಸಿರುಗುಪ್ಪದಾಗ ಮಧ್ಯಾಹ್ನ ಡಬ್ಬಿ ಬಿಚ್ಚಿದ್ರ ಎದುರಿಗೆ ಯಾರೂ ಇಲ್ಲ. ಮೊದ್ಲೂ ಮಾತಿರ್ಲಿಲ್ಲ, ಈಗೂ ಇಲ್ಲ, ಆದ್ರ ಇದು ಬ್ಯಾರೆ ಐತಿ. ರೊಟ್ಟಿ ಇಳಿಯಂಗಿಲ್ಲ ಅಂಜಿನಿ. ನನ್ ಹೆಣ್ತಿ ಮುಂದ ಹೇಳಾಕ ಬರಂಗಿಲ್ಲ ಇದು, ನಕ್ಕಾಳು. ಒಬ್ನ ಆಗಿಬಿಟ್ಟೀನಲೇ ನಾನು…

ಹಾಂ… ಹಾಂ… ಅದಕ್ಕ ನಿನ್ನ ಕೇಳಿ ತಗೊಳ್ಳಾನು ಅಂತ. ಇಲ್ಲಿ ಎರಡು ಗನ್ ಇಟ್ಟಾರ ಮುಂದ. ಒಂದು ದೊಡ್ಡದು. ಮುನ್ನೂರು ಮೊಳಿ ಸುರುಳಿ ಹಿಡೀತೈತಿ, ಸರಸರ ಕೆಲ್ಸ ಆಗ್ತೈತಿ. ಆದ್ರ ಭಾರ ಐತಿ, ಒದೀತೈತಿ, ಎರಡೂ ಕೈಯಾಗ ಹಿಡೀಬೇಕು. ಅದಕ್ಕ ಹಲಗಿ ಹಿಡಿಯಾಕ ಇನ್ನೊಬ್ಬ ಬೇಕ ಬೇಕು. ಇನ್ನೊಂದು ಸಣ್ಣದು, ಒಬ್ಬಂಟಿ ಕೆಲ್ಸದಾಂವಗ. ಒಂದ ಕೈಗೆ ಸಾಕು. ಅದರ ಜೊತಿ ಎರಡು ಕಬ್ಬಿಣದ ಕೊಕ್ಕಿ ಕೊಡ್ತಾರ. ಕೆಳಗಿನ ಹಲಗಿಗೆ ಕೊಕ್ಕಿ ಸಿಗಿಸಿ ಮ್ಯಾಲಿನ ಹಲಗಿ ಅದರ ಮ್ಯಾಲೆ ಕೂಡಿಸಿದ್ರ ತಾನ ನಿಂದರ್ತೈತಂತ…

ನಂಗ ದೊಡ್ಡದ ಛಲೋ ಅನ್ಸಾಕತ್ತೈತಿ. ನೀ ಏನಂತಿ?

… ನಿನ್ ಕೈಲೆ ಆಗಂಗಿಲ್ಲಾ?

ಕೈ ಹೆಂಗೈತಿ? ಕೇಳಾಕ ಅಂಜಿಕಿ ಆಗಿ ಕೇಳಿರ್ಲಿಲ್ಲ… ಎರಡು ಬೆರಳು ಮಡಚಂಗಿಲ್ಲ. ಹಿಡಿತ ಬರಂಗಿಲ್ಲ. ಡಾಕ್ಟ್ರು ಏನಂತಾರ?… ಇನ್ನ ಇಷ್ಟೇ ಅಂತ.

ಹಿಡಿಯೋದು ಬ್ಯಾಡಲೇ. ಭುಜದಾಗ ಆನಿಸ್ಕಂಡ್ರ ಸಾಕು. ಅದೂ ಬ್ಯಾಡ, ಕೆಳಗ ಕುರ್ಚಿ ಹಾಕ್ಕಂಡು ಕುಂದ್ರು. ಹಲಗಿ ಮ್ಯಾಲ ಹೋತು, ಕೆಳಗ ಬಂತು ಅಂತ ಹೇಳು. ಅರ್ಧ ನಿಂದು, ಅರ್ಧ ನಂದು, ಮೊದ್ಲಿನಂಗ. ನಾ ಮುಂಜಾನಿ ಕುರುಗೋಡಿಗೆ ಬಂದು ಗಾಡಿ ಮ್ಯಾಲೆ ಕರ್ಕಂಡು ಹೋಗ್ತೀನಿ, ಸಂಜಿಗೆ ಬಿಡ್ತೀನಿ…

ಎಲ್ಲಿ?… ಕೋಲ್ಡ್ ಸ್ಟೋರೇಜಿನಾಗ? ಮೆಣಸಿನಕಾಯಿ ಕೋಲ್ಡ್ ಸ್ಟೋರೇಜು, ಅದೇನು?… ಗೇಟಿನಾಗ ಕುಂತು ಲಾರಿ ನಂಬರ್ ಬರಿಯೋದು. ಎಡಗೈಲೆ ಬರೀತೀಯಾ… ಮೌನಿಕಾ ಕಲಿಸ್ಯಾಳ. ಯಾವಾಗಿಂದ?… ಸೋಮಾರದಿಂದ. ನಾಡಿದ್ದ ಸೋಮಾರ…

ಛಲೋ ಆತು. ನೆಳ್ಳಾಗ ಕುಂತು ಮಾಡೋ ಕೆಲ್ಸ. ಛಲೋ ಆತಲೇ…

ನನ್ ಮ್ಯಾಲಿನ ಸಿಟ್ಟಿಗೆ ಹೋಗಾಕತ್ತೀಯೇನು?… ಇಲ್ಲ. ಇಲ್ಲ ಅಂತೀಯಾ. ಸಿಟ್ಟು ಯಾವಾಗೋ ಹೋತು ಅಂತೀಯಾ… ಮತ್ತ್ಯಾಕ?… ಹಲಗಿ ಮುಟ್ಟಿದ್ರ ಕೈ ನಡುಗ್ತೈತಿ. ಹಾಂ. ಮನಿ ಬಾಗಿಲ ಹಲಗಿ ಮುಟ್ಟಿದ್ರೂನಾ?… ಹಾಂ…

ನಂಗ ಗೊತ್ತಿರ್ಲಿಲ್ಲ ಅಂಜಿನಿ. ನಾನು ಬರೀ ನನ್ನ ತಾಪತ್ರಯ ಹೇಳ್ಕಂತ ಕುಂತೆ…

ಏನು?… ಸಣ್ಣದಾ?

ಇಲ್ಲಲೇ, ಈಗ ಅವಸರ ಮಾಡಬ್ಯಾಡ. ನಾ ಇವತ್ತು ತಗೊಳ್ಳಂಗಿಲ್ಲ. ಒಂದು ತಿಂಗಳು ಹೋಗ್ಲಿ, ಎರಡು ತಿಂಗಳು ಹೋಗ್ಲಿ, ನಿನ್ ಕೈ ನಡುಕ ನಿಂದರ್ಲಿ. ದೊಡ್ಡದಕ್ಕ ಇಬ್ರು ಬೇಕಾಗ್ತಾರ, ಆವಾಗ… ಹಾಂ… ಅಲ್ಲ, ಕೇಳಿಲ್ಲಿ… ಹಾಂ…

ಸಣ್ಣದ ತಗೋ ಅಂತೀಯಾ. ಕೊಕ್ಕಿನೂ ಇಸ್ಕಾ ಅಂತೀಯಾ…

ಆಮ್ಯಾಲೆ ಬರ್ತೀಯೇನು ಅಂತ ಕೇಳಬಾರದೇನು ನಾನು?… ಕೇಳಂಗಿಲ್ಲ ಬಿಡು.

… ಏನಂದಿ? ಇಲ್ಲೇನಾ? ಇಲ್ಲೇ ಹೊಡ್ದು ನೋಡ್ಲಾ? ನಿಂಗ ಸಪ್ಪಳ ಕೇಳಿದ್ರ ತ್ರಾಸಾಗಂಗಿಲ್ಲೇನು?… ಆದ್ರ ಆಗ್ಲಿ ಅಂತೀಯಾ. ತೂಕ ಕೈಗೆ ಹೊಂದ್ತೈತೋ ಇಲ್ಲೋ ನೋಡಬೇಕು ಅಂತೀಯಾ. ಹಾಂ, ಅದೂ ಖರೇನ…

ಅಣ್ಣಾ, ಸಣ್ಣದಕ್ಕ ಗಾಳಿ ಪೈಪು ಹಾಕ್ರಿ. ಆ ತುಂಡು ಹಲಗಿ ನೆಲಕ್ಕ ಇಡ್ರಿ. ಅದರ ಕೆಳಗ ಒಂದು ರೀಪು ಇರ್ಲಿ. ಕನ್ನಡಕ ಕೊಡ್ರಿ ಇಲ್ಲಿ. ಯಾರೂ ಹತ್ರ ಬರಬ್ಯಾಡ್ರಿ, ದೂರ ನಿಂದರ್ರಿ, ಇನ್ನಾ ದೂರ…

ಅಂಜಿನಿ, ಮೂತಿ ಇಟ್ಟೆ ನೋಡು. ಹಲಗಿಗೆ ಒತ್ತೀನಿ. ಈಗ ಎಳೀತೀನಿ. ಹೊಡೀಲಾ?… ಹೊಡೀತೀನಿ.

…

ಕೇಳ್ತಾ? ಕೂತೈತಿ ನೋಡು, ತಲಿ ಹಲಗಿ ಸಮ ಕೂತೈತಿ. ಬೆರಳಾಡಿಸಿದ್ರೂ ತಾಗವಲ್ದು…

ಹಾಂ?… ಫೋನ್ ಕಿವಿಯಾಗ ಐತಿ, ಮತ್ತೆಲ್ಲಿರ್ತೈತಿ. ಎಡಗೈಯಾಗ ಹಿಡ್ಕಂಡೀನಿ… ಹೌದು, ಒಂದ ಕೈಲೆ ಹೊಡದೆ…

ಇಲ್ಲ, ಯಾರೂ ಹಿಡಿದಿಲ್ಲ. ಯಾರೂ ಇಲ್ಲ ಹತ್ರ… ಸಾಕಾತಲ್ಲ ಅಂದ್ರ ಏನಲೇ? ಏನು ಸಾಕಾತು?… ಅಂಜಿನಿ, ತಡಿ, ಏನು ಸಾಕಾತು ಹೇಳು…

ಹಲೋ… ಅಂಜಿನಿ… ಹಲೋ…