ಅಟ್ಟದ ಕರಿಚಿಟ್ಟೆ

ಡೆನ್ಮಾರ್ಕಿನ ಓಡೆನ್ಸೆ ಊರಿನ ಆಸ್ಪತ್ರೆಯಲ್ಲಿ ಸರದಿಗಾಗಿ ಕೂತಿದ್ದ ಇಂಗರ್‌ಳ ಕಿವಿಗೆ ಪಕ್ಕದ ಬೆಂಚಿನ ಅತ್ತಿಗೆ-ನಾದಿನಿಯರ ಮಾತು ಬಿತ್ತು.

“ಅಟ್ಟದಲ್ಲಿ ಕರ್ರಗೆ ಕೂತಿತ್ತು ಕಣೇ ಟೋವೆ. ಉಣ್ಣೆ ತಿನ್ನೋ ಪತಂಗ ಅಂದ್ಕೊಂಡು ಚಪ್ಪಲೀಲಿ ಹೊಡೆದುಬಿಟ್ಟೆ.”

“ತಲೆ ಮೇಲಿನ ಕುಡಿಮೀಸೆ ನೋಡ್ಲಿಲ್ವಾ ಅತ್ತಿಗೆ? ತುದೀಲಿ ಗುಂಡು ಇದ್ರೆ ಚಿಟ್ಟೆ. ಉಣ್ಣೆ ಪತಂಗಕ್ಕೆ ಅದಿರಲ್ಲ.”

“ಸತ್ತಮೇಲೆ ನೋಡಿದೆ. ರೆಕ್ಕೆ ಬಿಚ್ಚಿದ್ರೆ ಒಳಗೆ ನಾಲ್ಕು ನವಿಲುಗಣ್ಣು!”

“ಅಯ್ಯೋ, ಚಳಿಗಾಲ ಕಳೆಯೋಕೆ ಅಟ್ಟದಲ್ಲಿ ಮಲಗಿತ್ತಲ್ಲ, ಅದು ಏಳೋದನ್ನೇ ಅಣ್ಣ ಕಾಯ್ತಿದ್ದಿದ್ದು!”

“ನಾನು ಇಲ್ಲಿಗೆ ನೋಡೋಕೆ ಬಂದಾಗೆಲ್ಲ, ಅದಿನ್ನೂ ಮಲಗಿದ್ಯಾ ಅಂತ ದಿನಾ ಕೇಳ್ತಾರೆ. ಮಲಗಿದೆ ಅಂತೀನಿ.”

“ಇವತ್ತೂ ಹಾಗೇ ಅನ್ನಿ. ಕಾಯಿಲೆ ಜೀವ, ನೊಂದ್ಕೊಳ್ಳತ್ತೆ.”

“ಇಲ್ಲ. ಅವರ ಮುಖ ನೋಡಿ ಸುಳ್ಳು ಹೇಳಿ, ಮನೆಗೆ ಹೋದ್ರೆ ಗಂಟಲಲ್ಲಿ ಅನ್ನ ಇಳಿಯಲ್ಲ.”

ನರ್ಸ್ ಬಂದು ಅವರಿಬ್ಬರನ್ನೂ ಒಳಗೆ ಕರೆದಳು. ಅತ್ತಿಗೆ ಎದ್ದು ಕೋಟು ಸರಿಮಾಡಿಕೊಂಡಳು.

“ಕೊಂದವಳು ನಾನೇ ಅಂತ ಹೇಳ್ತೀನಿ. ಬೈದ್ರೆ ಬೈಲಿ ಬಿಡೇ, ಬೈಯೋಷ್ಟು ಶಕ್ತಿಯಾದ್ರೂ ಬಂತಲ್ಲ ಅಂದ್ಕೋತೀನಿ.”

ಟೋವೆ ಅತ್ತಿಗೆಯ ಕೈಚೀಲ ಎತ್ತಿಕೊಂಡು ಹಿಂದೆ ನಡೆದಳು.