ಭಾನುವಾರ ಅರುಣಾ ಹೋಗುವ ಜಾಗ

ತುಮಕೂರಿನ ಮೂಳೆ ಡಾಕ್ಟರ ಕ್ಲಿನಿಕ್ಕಿನಲ್ಲಿ ಟೋಕನ್ ಹಿಡಿದು ಕೂತಿದ್ದ ಹೇಮಶ್ರೀಗೆ ಎದುರು ಸಾಲಿನ ಗಂಡ ಹೆಂಡತಿಯ ಮಾತು ಬೇಡವೆಂದರೂ ಕಿವಿಗೆ ಬಿತ್ತು. ಇಬ್ಬರಿಗೂ ಅರವತ್ತರ ಆಸುಪಾಸು. ಗಂಡ ಮಂಡಿ ನೀವಿಕೊಳ್ಳುತ್ತಲೇ ಕೇಳುತ್ತಿದ್ದರು.

“ಭಾನುವಾರ ಬೆಳ್ಳಾವಿಗೆ, ಅಕ್ಕನ ಮನೆಗೆ ಹೋಗಿದ್ದೆ ಅಂದೆ. ಅವರು ನೋಡಿದ್ರೆ, ಅರುಣಾ ಬಂದು ಮೂರು ತಿಂಗಳಾಯ್ತು ಅಂತಾರೆ.”

“ಅಕ್ಕಂಗೆ ಮರೆವು ಕಣ್ರೀ.”

“ನಿನ್ ಬ್ಯಾಗಲ್ಲಿರೋ ಬಿಳಿ ಪುಡಿ? ತರಚಿರೋ ಬೆರಳು? ಬೆಳಗ್ಗೆದ್ದು ಬಾಗಿಲ ಚೌಕಟ್ಟು ಹಿಡ್ಕಂಡು ನೇತಾಡ್ತೀಯಲ್ಲ, ಏನೇ ಅದು?”

ಹೇಮಶ್ರೀ ಮೊಬೈಲು ನೋಡುವುದನ್ನೇ ಬಿಟ್ಟಳು.

“ಬಂಡೆ ಹತ್ತೋಕೆ ಹೋಗ್ತೀನಿ. ಕೈ ಜಾರ್ದಿರ್ಲಿ ಅಂತ ಪುಡಿ.”

“ಯಾರ ಜೊತೆ?”

“ನಾನು ಪಿ.ಟಿ. ಕಲಿಸಿದ ಹುಡುಗೀರ ಜೊತೆ. ಹಗ್ಗ ಅವರೇ ಹಿಡೀತಾರೆ.”

“ಈ ವಯಸ್ಸಲ್ಲಿ ಬಂಡೆ! ಕಿವಿಗೆ ಹೂ ಇಡಬೇಡ.”

“ಮೊದಲಿನ ಹಂಗೆ ಎಗರಲ್ಲ. ಕಾಲ ಮೇಲೆ ಭಾರ ಹಾಕಿ ನಿಧಾನಕ್ಕೆ ಹತ್ತೀನಿ. ತೋಳು ಸೋಲಬಾರ್ದು ಅಂತ್ಲೇ ದಿನಾ ನೇತಾಡೋದು.”

“ಹಂಗಾದ್ರೆ ಸುಳ್ಳ್ಯಾಕೆ ಹೇಳ್ದೆ?”

“ನಿಜ ಹೇಳಿದ್ರೆ ಕಳಿಸ್ತಿದ್ರಾ?”

ಅಷ್ಟರಲ್ಲಿ ನರ್ಸು, “ಗೋವಿಂದರಾಜು” ಎಂದು ಕೂಗಿದಳು. ಏಳಲು ಹೋದ ಗಂಡ ನೋವಿಗೆ ಮತ್ತೆ ಕುಸಿದರು. ಅರುಣಾ ಎದುರು ನಿಂತು, ಪಾದ ಊರಿ, ಎರಡೂ ಮುಂಗೈ ಹಿಡಿದೆಳೆದಳು. ಅಷ್ಟು ದಪ್ಪಗಿದ್ದವರು ಒಂದೇ ಸಲಕ್ಕೆ ಎದ್ದು ನಿಂತರು.

ಹಿಡಿದ ಕೈಯನ್ನೇ ನೋಡುತ್ತಾ ಕೇಳಿದರು. “ಎಷ್ಟೆತ್ತರ ಹತ್ತಿದ್ದೆ?”

“ಎಂಬತ್ತಡಿ.”

“ಸುಳ್ಳು. ಈ ಸಲ ನಾನೂ ಬರ್ತೀನಿ, ಕೆಳಗೆ ಕೂತು ನೋಡ್ತೀನಿ,” ಎಂದು ಆಕೆಯ ತೋಳಿಗೆ ಆತುಕೊಂಡು ಡಾಕ್ಟರ ಕೋಣೆಯೊಳಗೆ ಹೋದರು.