ಹಗ್ಗದ ಹಿಂದಿನ ಕಾರು

...ಅಯ್ಯೋ ಗೊಣಗಪ್ಪ, ಇನ್ನೂ ಲಾರಿ ಮಾತೇ ಆಡ್ತಿದೀಯಲ್ಲೋ! ಲಾರಿ ಮೇಲೆ ಹೇರಿಸಿದ್ದರೆ ಬಾಡಿಗೆಯೇ ಈ ಕಾರಿನ ಬೆಲೆಯನ್ನು ಮೀರುತ್ತಿತ್ತು. ಈಗ ನೋಡು! ಮುಂದೆ ನನ್ನ ಕಾರು, ಹಿಂದೆ ಅದೇ ಮಾಡೆಲ್ಲಿನ ಗುಜರಿ ಕಾರು, ನಡುವೆ ಹಗ್ಗ, ಅದರ ಸ್ಟಿಯರಿಂಗ್ ಹಿಡಿಯೋಕೆ ನೀನು, ನನ್ನ ಹೆಂಡತಿಯ ತಮ್ಮ, ಮಾತಾಡೋಕೆ ಫೋನು. ಖರ್ಚು? ಒಂದು ಹಗ್ಗ, ಎರಡು ಕಾಫಿ! ...ಯಾಕೆ ನಗ್ತೀಯ? ನಗು, ನಗು. ನಾಳೆಯಿಂದ ಈ ಗುಜರಿಯ ಬಾಗಿಲು, ದೀಪ, ರೇಡಿಯೇಟರು ಒಂದೊಂದಾಗಿ ಬಿಚ್ಚಿ ನನ್ನದಕ್ಕೆ ಹಾಕ್ತೀನಲ್ಲ, ಆಗ ನೋಡುವೆಯಂತೆ. ರಿಟೈರ್ ಆದಮೇಲೆ ನಿನ್ನ ಭಾವ ಇಷ್ಟು ಖುಷಿಯಾಗಿದ್ದದ್ದೇ ಇಲ್ಲ ಕಣೋ!

ಗೇರಾ? ಎಲ್ಲಿಯ ಗೇರು? ಗೇರ್‌ಬಾಕ್ಸನ್ನ ಗುಜರಿಯವನು ಮೊದಲೇ ಮಾರಿಕೊಂಡಿದ್ದ. ಅದಕ್ಕೇ ಅಲ್ವೇನೋ ಇಷ್ಟು ಅಗ್ಗ! ನೀನು ಸ್ಟಿಯರಿಂಗ್ ನೇರ ಇಟ್ಕೊ, ಸಾಕು. ಹಗ್ಗ ಸಡಿಲವಾದರೆ ಒಂಚೂರು ಬ್ರೇಕು. ಇಲ್ಲೀತನಕ ಬರೀ ಏರು, ಬ್ರೇಕಿಗೆ ಕೆಲಸವೇ ಇರಲಿಲ್ಲ... ಹಾಂ, ತುದಿ ಬಂತು. ಇನ್ನು ಇಳಿಜಾರು, ಕೆಳಗೆ ರೈಲ್ವೆ ಗೇಟು, ದಾಟಿದರೆ ಮನೆ.

ಏನೋ ಅದು, ಟಪ್ ಟಪ್ ಅಂತ?

...ಎಂಜಿನ್ ಓಡದಿದ್ದಾಗ ಬ್ರೇಕು ಕಲ್ಲಿನ ಹಾಗಿರುತ್ತೆ ಕಣೋ, ಜೋರಾಗಿ ತುಳಿ... ಗಟ್ಟಿ ಇಲ್ವಾ? ನೆಲ ಮುಟ್ಟುತ್ತಾ? ಇರಲಿ, ಇರಲಿ. ಹ್ಯಾಂಡ್‌ಬ್ರೇಕ್ ಎಳಿ... ಏನು, ಕೈಗೇ ಬಂತಾ?

ಪಕ್ಕಕ್ಕೆ ತಿರುಗಿಸಬೇಡ! ಮೋರಿ ಇದೆ, ಇಬ್ಬರೂ ಹೋಗ್ತೀವಿ! ಹಗ್ಗ ಸಡಿಲ ಆಗಿದ್ದು ನನಗೂ ಕಾಣ್ತಿದೆ, ಕನ್ನಡಿಯಲ್ಲಿ. ಬಾ, ಬಾ, ನನ್ನ ಬಂಪರಿಗೇ ಬಂದು ಒರಗು. ಮೆಲ್ಲಗೆ... ಅಬ್ಬಾ! ತಾಗ್ತು. ಹಾಗೇ ಇರು. ಇಬ್ಬರನ್ನೂ ನಾನು ತಡೀತೀನಿ. ನನ್ನ ಬ್ರೇಕು ಇವತ್ತು ಹೇಗೆ ಹಿಡೀತಿದೆ ಗೊತ್ತಾ! ಮೊನ್ನೆವರೆಗೆ ತುಳಿದು ತುಳಿದು ಕಾಲು ಬಿದ್ದುಹೋಗ್ತಿತ್ತು. ನಿನ್ನೆ ಹೋಗಿ ಗುಜರಿ ಅಂಗಡಿಯಲ್ಲೇ ಬ್ರೇಕಿನ ಸಿಲಿಂಡರ್ ಹಾಕಿಸಿಕೊಂಡೆ ನೋಡು, ಬೆಣ್ಣೆ, ಬೆಣ್ಣೆ...

ಎಲ್ಲಿಂದ ಅಂದ್ರೆ... ಬಿದ್ದಿತ್ತಪ್ಪ ಅಲ್ಲೊಂದು. ಹಳೇದು.

...ಹಲೋ?

ಗೊಣಗಪ್ಪ? ಕೇಳಿಸ್ತಿದೆಯಾ? ಫೋನ್ ಕಟ್ ಆಗಿಲ್ಲ, ಆ ಟಪ್ ಟಪ್ ಕೇಳಿಸ್ತಾನೇ ಇದೆ ನನಗೆ. ಮುಖವೂ ಕಾಣ್ತಿದೆ. ಹಾಗೆ ನೋಡಬೇಡವೋ... ಎಳೆಯೋ ಕಾರಿಗೆ ಬ್ರೇಕು ಮುಖ್ಯ ತಾನೆ? ಅಲ್ವಾ? ಯಾರನ್ನ ಕೇಳಿದರೂ ಅದನ್ನೇ ಹೇಳ್ತಾರೆ! ಇಳಿಜಾರು ಇಷ್ಟೇ ಇಷ್ಟು, ನಾನೇ ತಡೆದುಕೊಳ್ತೀನಿ ಅಂತ ಲೆಕ್ಕ ಹಾಕಿದ್ದೆ ಕಣೋ. ಬೆಳಿಗ್ಗೆ ನಿಮ್ಮಕ್ಕ ಬಾಗಿಲಲ್ಲಿ ನಿಂತು ಕೇಳಿದಳಲ್ಲ, "ಅವನು ಕೂತ್ಕೊಳ್ಳೋ ಕಾರಿಗೆ ಬ್ರೇಕ್ ಇದೆ ತಾನೆ?" ಅಂತ. ನಿನ್ನ ಎದುರಿಗೇ ನಾನು...

ಗೇಟು ಇಳೀತಿದೆ.

ಸುಟ್ಟ ವಾಸನೆ... ನಂದೇ. ಹಿಡಿಯುತ್ತೆ, ಹಿಡಿಯುತ್ತೆ. ಭಾರ ಜಾಸ್ತಿ ಅಷ್ಟೆ... ಏನಾದರೂ ಗೊಣಗೋ! ಹುಟ್ಟಿದಾಗಿಂದ ಗೊಣಗ್ತಾ ಬಂದೋನು, ಈಗ ಬಾಯಿಗೆ ಬೀಗ ಹಾಕ್ಕೊಂಡ್ಯಾ? ಬೈಯೋ! ಭಾವ ಅಂತ ನೋಡಬೇಡ, ಬೈಯಿ!

...ತುಳೀಬೇಡ. ಸಾಕು ನಿಲ್ಲಿಸೋ, ಆ ಸದ್ದು ಕೇಳೋಕಾಗ್ತಿಲ್ಲ ನನಗೆ.

ಆ ಪೆಡಲಿನ ಹಿಂದೆ ಸಿಲಿಂಡರೇ ಇಲ್ಲ. ನಾನೇ ಬಿಚ್ಚಿಸಿದ್ದು.